ಕೆಳಗಿನ ಹೊಲದ ಸಾಸಿವೆ

ಬದುವಿನ ಪಕ್ಕದ ಸಾಸಿವೆ ದಂಟುಗಳು ನೇರವಾಗಿ, ಒಂದೇ ಎತ್ತರಕ್ಕೆ ತುಂಡಾಗಿದ್ದವು. ಮಡಿಲು ತುಂಬುವಷ್ಟು ಸೊಪ್ಪು ಹೋಗಿತ್ತು. ಅವಳು ಕುಕ್ಕರಗಾಲಿನಲ್ಲಿ ಕೂತು ಒಂದು ದಂಟಿನ ತುದಿ ಮುಟ್ಟಿದಳು. ಇನ್ನೂ ಒದ್ದೆಯಾಗಿತ್ತು.

"ಮೊಲ ತಿಂದಿರುತ್ತೆ ಬಿಡು," ಎಂದ ಹಿಂದೆ ನಿಂತಿದ್ದ ಗಂಡ.

"ಮೊಲ ಚಾಕು ಹಿಡಿಯೋದು ಯಾವಾಗ ಕಲೀತು?"

ಬ್ಯಾಟರಿ ಕಾರ್ಖಾನೆಯ ನೀರು ನುಗ್ಗಿ ಈ ಹೊಲದ ಮಣ್ಣಿಗೆ ಸೀಸ, ಕ್ಯಾಡ್ಮಿಯಂ ಸೇರಿತ್ತು. ಮಣ್ಣು ಶುದ್ಧವಾಗಲೆಂದೇ ಬಿತ್ತಿದ ಸಾಸಿವೆ ಅದನ್ನು ಸ್ವಲ್ಪಸ್ವಲ್ಪವಾಗಿ ಎಲೆಗೆ ಎಳೆದುಕೊಳ್ಳುತ್ತದೆ. ಹೂ ಬಿಡುವ ಮುಂಚೆ ಬೇರುಸಹಿತ ಕಿತ್ತು ಸುಡುವ ಘಟಕಕ್ಕೆ ಕಳಿಸಬೇಕು, ದನದ ಬಾಯಿಗೂ ಬೀಳಬಾರದು ಎಂದು ಮಣ್ಣು ಪರೀಕ್ಷೆಯವರು ಹೇಳಿದ್ದರು. ಬೋರ್ಡು ನೆಡಿ ಎಂದೂ ಹೇಳಿದ್ದರು. ಗಂಡ ಒಪ್ಪಲಿಲ್ಲ. ಮೇಲಿನ ಹೊಲದ ಮಣ್ಣು ಶುದ್ಧವಾಗಿತ್ತು, ಅಲ್ಲಿನ ತರಕಾರಿಯಿಂದಲೇ ಮನೆ ನಡೆಯುತ್ತಿತ್ತು. ಇಲ್ಲಿ ವಿಷ ಎಂದು ಬರೆದರೆ ಅಲ್ಲಿನದನ್ನು ಯಾರು ಕೊಳ್ಳುತ್ತಾರೆ? ಆಗ ಅವಳೂ ಹೂಂ ಅಂದಿದ್ದಳು.

ಉದುರಿದ ಎಲೆಗಳು ಬದುವಿನ ಮೇಲೆ ನೆರೆಮನೆ ಟೈಲರಮ್ಮನ ಹಿತ್ತಿಲ ಬಾಗಿಲಿನವರೆಗೂ ಬಿದ್ದಿದ್ದವು. ಅವಳು ಎದ್ದಳು. ಗಂಡ ತೋಳು ಹಿಡಿದ.

"ಅವಳ ಕಿವಿಗೆ ಬಿದ್ರೆ ಊರಿಗೇ ಡಂಗುರ ಹೊಡೆದ ಹಾಗೆ. ಒಂದು ಹೊತ್ತು ತಿಂದ್ರೆ ಯಾರೂ ಸಾಯಲ್ಲ ಕಣೆ."

"ಒಂದು ಹೊತ್ತು ಅಂತ ಯಾರು ಹೇಳಿದ್ದು? ಆ ಸಾಲು ನೋಡಿ. ಕೊಯ್ದ ಜಾಗದಲ್ಲಿ ಮತ್ತೆ ಚಿಗುರು ಬಂದಿದೆ."

ಅವನ ಹಿಡಿತ ತಾನಾಗಿ ಸಡಿಲವಾಯಿತು.

ಟೈಲರಮ್ಮನ ಒಲೆಯ ಮೇಲೆ ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು. ಅವಳ ಕೊರಳಲ್ಲಿ ಅಳತೆಯ ಟೇಪು, ಸೊಂಟದ ಮೇಲೆ ಮಗು. ಮಗುವಿನ ಗಲ್ಲಕ್ಕೆ ಹಸಿರು ಮೆತ್ತಿತ್ತು.

"ಬನ್ನಿ ಅಕ್ಕಾ, ಕಳ್ಳಿ ಸಿಕ್ಕಿಬಿದ್ದಳು ನೋಡಿ! ಇಷ್ಟು ಎಳೇ ಸೊಪ್ಪು ಯಾರೂ ಕೊಯ್ಯದೆ ಬಲಿತು ಹೋಗುತ್ತಲ್ಲ ಅಂತ ಹೊಟ್ಟೆ ಉರೀತು. ಕೇಳಿ ಕೊಯ್ಯಬೇಕಿತ್ತು, ತಪ್ಪೇ."

ಒಳಗೆ ಬಂದವಳು ಮೊದಲು ಒಲೆ ಆರಿಸಿದಳು. ಆಮೇಲೆ ಹೇಳಿದಳು. ಎಲ್ಲ ಹೇಳಿ ಮುಗಿಸಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ.

ಟೈಲರಮ್ಮನ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯಲು ಮರೆತವಳಂತೆ. ಸೆರಗಿನಿಂದ ಮಗುವಿನ ಗಲ್ಲ ಒರೆಸಿದಳು. ಗಲ್ಲ ಶುಭ್ರವಾದ ಮೇಲೂ ಒರೆಸುತ್ತಲೇ ಇದ್ದಳು.

"ಈಗಲೇ ಡಾಕ್ಟರ ಹತ್ತಿರ ಹೋಗೋಣ. ಮಗುವಿನ ರಕ್ತ ಪರೀಕ್ಷೆ ಆಗಬೇಕು, ನಿನ್ನದೂ. ನಾನೂ ಬರ್ತೀನಿ. ಇನ್ನು ಯಾರಿಗಾದರೂ ಕೊಟ್ಟೆಯಾ?"

"ಎದುರುಮನೆ ಬಾಣಂತಿಗೆ."

"ಎಷ್ಟು ಸಲ?"

ಟೈಲರಮ್ಮ ಕಿಟಕಿಯಾಚೆ, ಎದುರುಮನೆಯ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

"ಅವರ ಅಮ್ಮ ಹೊರಗಿನದು ಏನೂ ಮುಟ್ಟಿಸಲ್ಲ ಅಕ್ಕಾ. ನಿಮ್ಮ ಹೊಲದ್ದು ಅಂದೆ. ಎರಡೂ ಕೈಚಾಚಿ ಇಸಕೊಂಡ್ರು."