ಬಲಗೈಯ ಸಾಕ್ಷಿ

ತುಂಡಾದ ಕೈಕಾಲುಗಳು ಸಾಯುವುದನ್ನು ಬಿಟ್ಟ ಮೇಲೆ ಕಾರ್ಮಿಕ ನ್ಯಾಯಾಲಯ ಅವನ್ನೂ ಸಾಕ್ಷಿಗೆ ಕರೆಯತೊಡಗಿತ್ತು. ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ಸಿಕ್ಕಿ ತುಂಡಾದ ಕಲ್ಮೇಶನ ಬಲಗೈ ಅಂದು ಕಟಕಟೆಯಲ್ಲಿ, ಸ್ಟೀಲ್ ತಟ್ಟೆಯ ಮೇಲಿತ್ತು. ಉಳಿದ ಕಲ್ಮೇಶ ಕೆಳಗೆ ಬೆಂಚಿನಲ್ಲಿ ಕೂತಿದ್ದ.

ಕಾರ್ಖಾನೆಯ ಪರ ವಕೀಲೆ ವೈಜಯಂತಿ ಹೊಸಬಳು. ಆದರೆ ವಕೀಲಿ ಶುರುಮಾಡುವ ಮೊದಲು ವಿಮೆ ಕಂಪನಿಯಲ್ಲಿ ಎರಡು ವರ್ಷ ಬರೀ ಅರ್ಜಿ ತಿರಸ್ಕರಿಸಿದ ಅನುಭವವಿತ್ತು. ಕೋರ್ಟಿಗೆ ಬಂದ ಆರು ತಿಂಗಳಲ್ಲಿ ಎರಡು ಕಾಲುಗಳನ್ನು ಸೋಲಿಸಿದ್ದಳು.

ಅವಳು ಕೈಯ ಮುಂದೆ ಪ್ರೆಸ್ಸಿನ ಹಿಡಿಕೆ ಇಟ್ಟಳು. ಇಪ್ಪತ್ತು ವರ್ಷದ ಅಭ್ಯಾಸ. ಕೈ ಗಬಕ್ಕನೆ ಹಿಡಿದು ಎಳೆಯತೊಡಗಿತು.

"ನೋಡ್ರಿ ಸಾಹೇಬ್ರ, ಹೆಂಗ ದುಡೀತೈತಿ! ಇದಕ್ಕ ಪರಿಹಾರ ಯಾಕ್ರಿ?"

"ಆದ್ರ ಅದು ನನ್ನ ಮೈಯಾಗ ಇಲ್ಲಲ್ರಿ ಮೇಡಂ," ಎಂದ ಕಲ್ಮೇಶ.

"ಅದು ನಿಮ್ಮಿಬ್ಬರ ಮನಿ ಜಗಳ. ಕಂಪನಿಗೆ ಸಂಬಂಧ ಇಲ್ಲ."

ನ್ಯಾಯಾಧೀಶರು ಕಲ್ಮೇಶನ ಪರಿಹಾರದ ಅರ್ಜಿ ವಜಾ ಮಾಡಿ, ಕೈ ಕೂಡಲೇ ಕೆಲಸಕ್ಕೆ ಹಾಜರಾಗಬೇಕೆಂದು ಆದೇಶಿಸಿದರು.

ಸೋಮವಾರ ಬೆಳಿಗ್ಗೆ ಕಲ್ಮೇಶ ಬಲಗೈಯನ್ನು ಊಟದ ಚೀಲದಲ್ಲಿಟ್ಟುಕೊಂಡು ಕಾರ್ಖಾನೆಗೆ ಬಂದ. ವಾಚ್‌ಮನ್ ಪಾಸ್ ನೋಡಿ ಕೈಯನ್ನು ಒಳಗೆ ಕಳಿಸಿದ. ಹಿಂದೆಯೇ ಹೊರಟ ಕಲ್ಮೇಶನ ಎದೆಗೆ ಕೋಲು ಅಡ್ಡ ಹಿಡಿದ.

"ನೀವೆಲ್ಲಿಗ್ರಿ? ಕೆಲಸ ಇರೂದು ಕೈಗೆ ಅಷ್ಟ."