ಮಧ್ಯಾಹ್ನ ನರಳುವ ಮನೆ

ಮನೆ ಮತ್ತೆ ನರಳಿತು.

ಮಗಳು ಕೈಯಲ್ಲಿದ್ದ ಬ್ರಷ್ಷನ್ನು ಅಲ್ಲೇ ಬಿಟ್ಟು ಹೊರಗಿನಿಂದಲೇ ಗೋಡೆಗೆ ಕಿವಿ ಆನಿಸಿದಳು. ಕರ್ರ್... ಕೊಂಚ ಮೌನ. ಮತ್ತೆ ಕರ್ರ್... ಗಡಿಯಾರ ನೋಡಿದಳು. ಎರಡೂಕಾಲು. ನಿನ್ನೆಯೂ ಇದೇ ಹೊತ್ತು, ಮೊನ್ನೆಯೂ ಇದೇ ಹೊತ್ತು.

ಅವಳ ಮೂರು ವರ್ಷದ ಶ್ರಮ ಈ ಮನೆ. ನಲವತ್ತೆರಡು ಪ್ಲೈವುಡ್ ಹಲಗೆಗಳು, ಒಂದೇ ಒಂದು ಮೊಳೆಯಿಲ್ಲ. ಕಾರ್ಖಾನೆಯಲ್ಲಿ ಕತ್ತರಿಸಿ, ಲಾರಿಯಲ್ಲಿ ತಂದು, ಒಂದಕ್ಕೊಂದು ಸಿಕ್ಕಿಸಿ ಮರದ ಬೆಣೆ ಹೊಡೆದರೆ ಮುಗಿಯಿತು. ಇಬ್ಬರು ಸೇರಿದರೆ ಒಂದೇ ದಿನದಲ್ಲಿ ಮನೆ. ನಾಳೆ ವಸ್ತುಪ್ರದರ್ಶನ ಶುರು. ಇವತ್ತು ಮೂರು ಗಂಟೆಗೆ ಸುರಕ್ಷತಾ ಅಧಿಕಾರಿ ಬಂದು ಒಪ್ಪಿದರೆ ಜನ ಒಳಗೆ ಹೋಗಿ ಕೂತು ನೋಡಬಹುದು. ಒಪ್ಪದಿದ್ದರೆ ಸುತ್ತ ಹಗ್ಗ ಕಟ್ಟಿ ದೂರದಿಂದಲೇ ತೋರಿಸಬೇಕು. ಕಾಲಿಡಲಾಗದ ಮನೆಯನ್ನು ಯಾರು ತಾನೇ ಮನೆ ಅಂದಾರು?

ಅಪ್ಪನಂತೂ ಮೊದಲಿಂದಲೂ ಅಂದಿರಲಿಲ್ಲ. ನಲವತ್ತು ವರ್ಷ ಗಟ್ಟಿ ಮರದ ಜೊತೆ ಗುದ್ದಾಡಿದ ಬಡಗಿ. ಹಲಗೆ ಜೋಡಿಸಲು ಗೊಣಗುತ್ತಲೇ ಹೆಗಲು ಕೊಟ್ಟಿದ್ದ. ಕೊನೆಯ ಬೆಣೆ ಬಿದ್ದ ಮೇಲೆ ಕೈ ಕೊಡವಿಕೊಂಡು, “ಇದು ರಟ್ಟಿನ ಡಬ್ಬ ಕಣೇ. ನಾನಂತೂ ಇದರೊಳಗೆ ಕಾಲಿಡಲ್ಲ,” ಅಂದುಬಿಟ್ಟಿದ್ದ.

ಕಾಲಿಡುವ ಹಾಗೂ ಇರಲಿಲ್ಲವೆನ್ನಿ. ನೆಲಕ್ಕೆ ವಾರ್ನಿಷ್ ಹೊಡೆದು ಆರು ದಿನವಾಗಿತ್ತು. ಒಣಗಿದ ಹೊಳಪಿಗೆ ಗೀರು ಬೀಳಬಾರದೆಂದು ಮಗಳು ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ‘ಪ್ರವೇಶವಿಲ್ಲ’ ಎಂದು ಚೀಟಿ ಅಂಟಿಸಿದ್ದಳು. ಆ ಮಾತನ್ನು ತಾನೂ ಮೀರಿರಲಿಲ್ಲ.

ಬಿಸಿಲಿಗೆ ಬೆಣೆ ಒಣಗಿ ಸಡಿಲವಾಗುತ್ತಿದೆ, ಇನ್ನೇನು? ಮರದ ಸುತ್ತಿಗೆ ಎತ್ತಿಕೊಂಡು ಮೂಲೆಯ ಬೆಣೆಗಳಿಗೆ ದಬದಬ ಬಡಿದಳು. ಸದ್ದು ತಟ್ಟನೆ ನಿಂತಿತು.

ಸ್ವಲ್ಪ ಹೊತ್ತಿಗೆ ಅಪ್ಪ ಹಿಂಬದಿಯಿಂದ ಕಣ್ಣುಜ್ಜುತ್ತಾ ಬಂದ.

“ಯಾಕೆ ಹಾಗೆ ಬಡೀತೀಯ? ಸತ್ತವರೂ ಎದ್ದು ಕೂರಬೇಕು!”

“ಕಣ್ಯಾಕೆ ಅಷ್ಟು ಕೆಂಪಗಿದೆ?”

“ನಿನ್ನ ಪ್ಲೈವುಡ್ ಧೂಳು,” ಎಂದು ಬಂದ ದಾರಿಯಲ್ಲೇ ವಾಪಸು ಹೋದ.

ಮಗಳಿಗೆ ಸಂಕಟವಾಯಿತು. ಬೆಳಿಗ್ಗೆ ಅಮ್ಮ ಫೋನಿನಲ್ಲಿ ತರಾಟೆಗೆ ತೆಗೆದುಕೊಂಡಿದ್ದಳು: “ನಿಮ್ಮಪ್ಪ ಗಬಗಬ ಊಟ ಮಾಡಿ ಅಲ್ಲಿಗೇ ಓಡ್ತಾರೆ. ಅಂಥಾ ಕೆಲಸ ಏನೇ ಕೊಟ್ಟಿದ್ದೀಯ?” ಅವಳು ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ. ಆದರೆ ನಿನ್ನೆ ಹಿಂಬದಿಯಲ್ಲಿ ಏಣಿಯ ಪಕ್ಕ ಅಪ್ಪನ ಚಪ್ಪಲಿ ಬಿದ್ದಿದ್ದನ್ನು ಕಂಡಿದ್ದಳು. ಚಪ್ಪಲಿ ಕಳಚಿಯೇ ಏಣಿ ಹತ್ತುವುದು ಅವನ ರೂಢಿ. ಹತ್ತಿ ಹುಳುಕು ಹುಡುಕುತ್ತಿದ್ದಾನೆ. ತನ್ನ ಮಾತೇ ಗೆಲ್ಲಲಿ ಅಂತ ಕಾಯುತ್ತಿದ್ದಾನೆ. ಹೆತ್ತ ಅಪ್ಪನೇ ಹೀಗೆ!

ಮೂರಕ್ಕೆ ಸರಿಯಾಗಿ ಅಧಿಕಾರಿ ಬಂದರು. ಮೆಟ್ಟಿಲ ಮೇಲೆ ಎರಡು ಸಲ ಕುಣಿದರು. ಗೋಡೆಗೆ ಭುಜ ಕೊಟ್ಟು ನೂಕಿದರು. ಮನೆ ಅಲ್ಲಾಡಲಿಲ್ಲ. “ಭೇಷ್,” ಎಂದು ಬರೆಯಲು ಪೆನ್ನು ತೆಗೆದರು.

ಕರ್ರ್...

ಪೆನ್ನು ನಿಂತಿತು. “ಏನಮ್ಮಾ ಅದು?”

“ಬಿಸಿಲು ಸರ್. ಹಲಗೆ ಸ್ವಲ್ಪ... ಉಸಿರಾಡುತ್ತೆ.”

“ಖಾಲಿ ಇದ್ದಾಗಲೇ ಹೀಗೆ ನರಳಿದರೆ, ಜನ ಹೊಕ್ಕರೆ ಗತಿಯೇನು? ಬಾಗಿಲು ತೆಗೀರಿ.”

ಮಗಳು ಮುಂದಿನ ಬಾಗಿಲಿನ ಅಗುಳಿ ಎಳೆದಳು. ಅದು ಬೆಣ್ಣೆಯಂತೆ ಸರಿಯಿತು. ಅಧಿಕಾರಿ ಒಳಗೆ ಇಣುಕಿದರು. ಇಣುಕಿದವರು ಹಾಗೇ ನಿಂತರು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, ತುದಿಗಾಲಲ್ಲಿ ಹಿಂದೆ ಸರಿದು, ಕಾಗದಕ್ಕೆ ಸಹಿ ಹಾಕಿ ಅವಳ ಕೈಗಿತ್ತರು.

“ಜನ ಧಾರಾಳವಾಗಿ ಒಳಗೆ ಹೋಗಬಹುದು,” ಎಂದು ಪಿಸುಗುಟ್ಟಿದರು. “ಇದಕ್ಕಿಂತ ದೊಡ್ಡ ಪರೀಕ್ಷೆ ನನ್ನಿಂದ ಆಗಲ್ಲಮ್ಮ.”

ಮಗಳು ಕುತ್ತಿಗೆ ಚಾಚಿ ನೋಡಿದಳು: ಫಳಫಳ ಹೊಳೆಯುವ ನೆಲದ ನಟ್ಟನಡುವೆ, ಅಂಗಿ ಮಡಚಿ ತಲೆಯಡಿ ಇಟ್ಟುಕೊಂಡು, ರಟ್ಟಿನ ಡಬ್ಬದೊಳಗೆ ಕಾಲಿಡೆನೆಂದಿದ್ದ ಅಪ್ಪ ಎರಡೂ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ.