ಮನೆಯಳಿಯನ ಪರೀಕ್ಷೆ

ಗಾದಿಲಿಂಗ ಪೆನ್ನಿಗೆ ಮುಚ್ಚಳ ಹಾಕಿ ಬೆಂಚಿನ ಮೇಲಿಟ್ಟ. ಪರೀಕ್ಷೆ ಈಗಷ್ಟೇ ಶುರುವಾಗಿತ್ತು. ಸುತ್ತಲಿನವರು ತಲೆ ಬಗ್ಗಿಸಿ ಒಂದೇ ಸಮನೆ ಬರೆಯುತ್ತಿದ್ದರು.

ಕೊನೆಯ ವರ್ಷದ ಉಷ್ಣಯಂತ್ರಗಳ ಪತ್ರಿಕೆ. ಬಾಯ್ಲರು, ಆಯಿಲ್ ಎಂಜಿನ್ನು, ಸಿಲಿಂಡರಿನ ಒತ್ತಡ. ಎಲ್ಲವೂ ಅವನಿಗೆ ಬಾಯಿಪಾಠ. ಬರೆದರೆ ಪಾಸು. ಪಾಸಾದರೆ ಬಿ.ಇ. ಮೆಕ್ಯಾನಿಕಲ್. ಬಿ.ಇ. ಆದರೆ ಮದುವೆ. ಆಮೇಲೆ ಆದೋನಿಯ ಹತ್ತಿ ಜಿನ್ನಿನ ಧೂಳು ಕುಡಿಯುತ್ತ ಸಾಯುವ ತನಕ ಮನೆಯಳಿಯ.

ಕಾವಲಿದ್ದ ಮೇಷ್ಟ್ರು ಹತ್ತಿರ ಬಂದು ಬಗ್ಗಿ ತೆಲುಗಿನಲ್ಲಿ ಕೇಳಿದರು. "ಏಮಯ್ಯಾ, ಜ್ವರಮಾ?"

"ಇಲ್ಲ ಸಾರ್. ಮುಗೀತು."

ಅವರು ಖಾಲಿ ಹಾಳೆ ನೋಡಿದರು, ಅವನ ಮುಖ ನೋಡಿದರು, ಮುಂದೆ ಹೋದರು.

ಹೊಳಗುಂದದ ಕೂಲಿ ಸುಂಕಣ್ಣನ ಮಗ ಅವನು. ಹುಡುಗನ ತಲೆ ಚುರುಕೆಂದು ಊರವರು ಆಡಿಕೊಂಡದ್ದೇ ತಪ್ಪಾಯಿತು. ಆ ಮಾತು ಆದೋನಿಯ ಬಜಾರಪ್ಪನ ಕಿವಿಗೆ ಬಿತ್ತು. ಬಜಾರಪ್ಪನಿಗೆ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿ, ಒಬ್ಬಳೇ ಮಗಳು ಉಚ್ಚಮ್ಮ. ಗಂಡುಮಕ್ಕಳಿಲ್ಲದವರು ತಮ್ಮ ಕುಲದಲ್ಲೇ ಒಬ್ಬ ಹುಡುಗನನ್ನು ಆರಿಸಿ ಮನೆಯಳಿಯ ಮಾಡಿಕೊಳ್ಳುವುದು ಆ ಸೀಮೆಯ ವಾಡಿಕೆ. ಹಾಗೆ ಹೋದವನು ಹುಟ್ಟಿದ ಮನೆ ಮರೆತು ಮಾವನ ಮನೆಗೇ ದುಡಿಯಬೇಕು. ಬಜಾರಪ್ಪ, ಸುಂಕಣ್ಣ, ಇಬ್ಬರು ಕುಲದ ಹಿರಿಯರು ಬಾಗಿಲು ಹಾಕಿಕೊಂಡು ಮಾತಾಡಿದರು. ವೀಳ್ಯದೆಲೆ ಕೈ ಬದಲಾಯಿತು. ಗಾದಿಲಿಂಗನನ್ನು ಯಾರೂ ಕೇಳಲಿಲ್ಲ. ಸಂತೆಯಲ್ಲಿ ಎತ್ತಿನ ಒಪ್ಪಿಗೆ ಕೇಳಿ ಹಗ್ಗ ಹಿಡಿಯುವವರುಂಟೇ?

ಹೊರಗೆ ಬಂದ ಬಜಾರಪ್ಪ ಮೀಸೆ ಒರೆಸಿಕೊಂಡಿದ್ದ. "ಮೊದಲು ನನ್ನ ಖರ್ಚಿನಾಗ ಅನಂತಪುರದಾಗ ಎಂಜಿನಿಯರ್ ಓದ್ಲಿ. ಮದುವಿ ಆಮ್ಯಾಲ."

ಜಿನ್ನಿಗೆ ಮನೆಯಲ್ಲೇ ಒಬ್ಬ ಎಂಜಿನಿಯರು! ಮುದುಕ ಎಂಥ ಜಾಣ ಎಂದುಕೊಂಡಿದ್ದ ಗಾದಿಲಿಂಗ.

ಓದಲಾದರೂ ನೆಟ್ಟಗೆ ಬಿಟ್ಟನೇ? ಪರೀಕ್ಷೆ ಹತ್ತಿರ ಬಂತೆಂದರೆ ಬಜಾರಪ್ಪನಿಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಎಂಜಿನ್ ಕೆಟ್ಟಿದೆ, ಬಾ. ಬೆಲ್ಟು ಹರಿದಿದೆ, ಬಾ. ಉಚ್ಚಮ್ಮನ ಸೋದರತ್ತೆ ಬಂದಿದ್ದಾಳೆ, ನಿನ್ನನ್ನು ನೋಡಬೇಕಂತೆ, ಬಾ. ಗುಂತಕಲ್ಲಿನಲ್ಲಿ ರೈಲು ಬದಲಿಸಿ ಬೆವರು ಸುರಿಸುತ್ತ ಬಂದರೆ ಎಂಜಿನ್ನು ಟಕಟಕ ಓಡುತ್ತಿರುತ್ತಿತ್ತು.

"ಈಗಿನ್ನ ಸರಿಹೋತು ನೋಡಪ. ಹೆಂಗೂ ಬಂದೀದಿ, ನಾಕು ದಿನ ಇದ್ದು ಹೋಗು."

ಈಗಿನಿಂದಲೇ ಹಗ್ಗ ಜಗ್ಗಿ ನೋಡುತ್ತಿದ್ದಾನೆ ಎಂದು ಗಾದಿಲಿಂಗ ಹಲ್ಲು ಕಚ್ಚುತ್ತಿದ್ದ.

ಅಪ್ಪನದು ಇನ್ನೊಂದು ಕಾಟ. ಮಗ ಪಾಸಾಗುವ ತನಕ ಕಾಲಿಗೆ ಕೆರ ಮೆಟ್ಟುವುದಿಲ್ಲವೆಂದು ಉರುಕುಂದ ಈರಣ್ಣನಿಗೆ ಹರಕೆ ಹೊತ್ತಿದ್ದ. ರಜೆಗೆ ಬಂದಾಗಲೆಲ್ಲ ಒಂದೇ ಮಾತು.

"ಓದಪ್ಪ. ಒಂದ ಏಟಿಗೆ ಪಾಸಾಗಬೇಕು ನೀನು."

"ಯಾಕಷ್ಟು ಅವಸರ? ಬಜಾರಪ್ಪನ ಜಿನ್ನು ಎಲ್ಲಿಗರ ಓಡಿ ಹೋಗತೈತೇನು?"

ಸುಂಕಣ್ಣ ಏನೋ ಹೇಳಹೋಗಿ ಬರಿಗಾಲಿನ ಧೂಳು ಕೊಡವಿದ. "ಓದಪ್ಪ" ಎಂದ, ಅಷ್ಟೆ.

ಮಗನನ್ನು ಪರರ ಕೈಗೆ ದಾಟಿಸಿದ್ದು ಸಾಲದು, ಬೇಗ ಒಪ್ಪಿಸುವ ಆತುರ ಬೇರೆ! ಗಾದಿಲಿಂಗ ಪುಸ್ತಕ ಮಡಚಿ ಎದ್ದು ಹೋದ.

ಅವನ ಮನಸ್ಸೆಲ್ಲ ತುಂಗಭದ್ರೆಯ ಕಾಲುವೆ ಕೆಲಸದ ಮೇಲಿತ್ತು. ಆಲೂರಿನ ಕಡೆ ಮಣ್ಣು ಬಗೆಯುವ ದೊಡ್ಡ ಯಂತ್ರಗಳನ್ನು ನೋಡಿ ಬಂದಾಗಿನಿಂದ ಕನಸಿನಲ್ಲೂ ಅವೇ. ಡಿಗ್ರಿ ಇರಲಿ ಬಿಡಲಿ, ಆ ಯಂತ್ರಗಳ ಜೊತೆ ಊರೂರು ತಿರುಗಿದರೆ ಸಾಕು. ಉಚ್ಚಮ್ಮನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಪಾಪ, ಅವಳನ್ನಾದರೂ ಯಾರು ಕೇಳಿದ್ದರು? ಆದರೆ ತಾನಾಗಿ ಒಲ್ಲೆ ಎನ್ನುವಂತಿರಲಿಲ್ಲ. ಹಿರಿಯರ ಮುಂದೆ ಕೊಟ್ಟ ಮಾತು ಮುರಿದರೆ ಅಪ್ಪ ಅವ್ವನಿಗೆ ಕುಲದಲ್ಲಿ ಬೆಂಕಿ ನೀರು ಕೊಡುವವರೂ ಇರುವುದಿಲ್ಲ. ಬಜಾರಪ್ಪನೇ ಬೇಡವೆಂದರೆ ಯಾರ ತಪ್ಪೂ ಇಲ್ಲ. ಫೇಲಾದ ಎಂಜಿನಿಯರನ್ನು ಯಾವ ಮಾವ ಇಟ್ಟುಕೊಳ್ಳುತ್ತಾನೆ?

ಅದಕ್ಕೇ ಆ ಖಾಲಿ ಹಾಳೆ.

ಫಲಿತಾಂಶದ ಪೇಪರಿನಲ್ಲಿ ಅವನ ನಂಬರು ಇರಲಿಲ್ಲ. ಆದೋನಿ ಸ್ಟೇಷನ್ನಿನಲ್ಲಿ ಇಳಿದಾಗ ಮೈ ಹತ್ತಿಯಷ್ಟು ಹಗುರ. ಬಜಾರಪ್ಪನ ಪಡಸಾಲೆಯಲ್ಲಿ ಅದೇ ಇಬ್ಬರು ಹಿರಿಯರು ಕುಳಿತಿದ್ದರು. ಮೂಲೆಯಲ್ಲಿ ಅಪ್ಪ. ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡದ್ದನ್ನು ಗಾದಿಲಿಂಗ ನಿಂತಲ್ಲೇ ಒಪ್ಪಿಸಿದ.

"ಮಾವ, ನಾನು ಫೇಲಾಗೀನಿ. ನಿಮ್ಮ ಮನಿಗೆ ತಕ್ಕ ಅಳಿಯ ಅಲ್ಲ ನಾನು. ಬ್ಯಾರೆ ಹುಡುಗನ್ನ ನೋಡ್ಕೊಳ್ರಿ."

ಬಜಾರಪ್ಪನ ಬಾಯಲ್ಲಿದ್ದ ಎಲೆ ಅಡಿಕೆ ನಿಂತಿತು. "ದೇವರಾಣಿಗೂ ಫೇಲಾ?"

"ದೇವರಾಣಿಗೂ."

ಮುದುಕ ಹೋಗಿ ತಂಬುಲ ಉಗುಳಿ ಬಂದ. ಬಂದವನು ಗಾದಿಲಿಂಗನನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡ.

"ಉಚ್ಚಮ್ಮಾ, ಸಕ್ಕರಿ ತಗೊಂಬಾರವ್ವ! ಬರೋ ವಾರನ ಲಗ್ನ!"

"ಮಾವ, ನಾ ಹೇಳಿದ್ದು ಫೇಲ್ ಅಂತ."

"ನನ್ನ ಕಿವಿ ನೆಟ್ಟಗದಾವೋ ಅಳಿಯ!" ಬಜಾರಪ್ಪ ಮೂಲೆಯ ಕಡೆ ತಿರುಗಿದ. "ಸುಂಕಣ್ಣ, ಆಣಿ ತೀರ್ತು. ಇನ್ನ ನಿನ್ನ ಮಗಗ ಹೇಳಪ್ಪ."

ಸುಂಕಣ್ಣ ತಲೆ ಎತ್ತಲಿಲ್ಲ. ತನ್ನ ಬರಿಗಾಲು ನೋಡುತ್ತಲೇ ಹೇಳಿದ.

"ನಿನಗ ಹೇಳಬಾರದಂತ ಜೋಳ ಮುಟ್ಟಿ ಆಣಿ ಮಾಡಿದ್ದೆನಪ್ಪ... ಒಂದ ಏಟಿಗೆ ಪಾಸಾದ್ರ ಇವರು ನಿನ್ನ ಬಿಟ್ಟುಬಿಡಬೇಕು ಅನ್ನೋ ಕರಾರಿನ ಮ್ಯಾಲ ನಿನ್ನ ಕೊಟ್ಟಿದ್ದೆ."